ಎಡಗಡೆಯ ಬುಟ್ಟಾಗಳು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನನಗೆ ಕತ್ತಲೆ ಕಾಣುವುದಿಲ್ಲ. ಓಣಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಅದನ್ನೇ, "ಎಡಗಡೆ ಪೂರಾ ಕತ್ಲೇನಣ್ಣಾ?" ಎಂದು. ಕತ್ತಲೆಯಿದ್ದಿದ್ದರೆ ಅಲ್ಲಿ ಏನೋ ಕೆಟ್ಟಿದೆ ಎಂದಾದರೂ ಗೊತ್ತಾಗುತ್ತಿತ್ತು. ನಿಮ್ಮ ಬೆನ್ನ ಹಿಂದೆ ಈಗ ನಿಮಗೆ ಏನು ಕಾಣುತ್ತಿದೆ, ಕಪ್ಪೋ ಬಿಳುಪೋ? ಏನೂ ಇಲ್ಲ ತಾನೇ. ನನ್ನ ಎಡಗಡೆಯೂ ಹಾಗೇ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ನಾನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಹೋದ ವರ್ಷ ಚಳ್ಳಕೆರೆಗೆ ಹೋಗಿ ಬೈಕಿನಲ್ಲಿ ವಾಪಸು ಬರುವಾಗ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಬೈಕು ಒಂದು ಕಡೆ, ನಾನು ಒಂದು ಕಡೆ. ಹೆಲ್ಮೆಟ್ ಎಲ್ಲಿತ್ತು ಎಂದು ಕೇಳಬೇಡಿ, ಬೈಕಿನ ಕನ್ನಡಿಗೆ ನೇತುಹಾಕಿದ್ದೆ. ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಕೈಯಾಡುತ್ತಿತ್ತು, ಕಾಲಾಡುತ್ತಿತ್ತು, ಬಾಯಂತೂ ಮೊದಲಿಗಿಂತ ಜೋರಾಗಿತ್ತು. ನೋಡಲು ಬಂದವರೆಲ್ಲ "ಜೀವ ಉಳೀತಲ್ಲ, ಅಷ್ಟು ಸಾಕು" ಎಂದು ಟೀ ಕುಡಿದು ಹೋದರು.

ಒಂದು ದಿನ ಗಡ್ಡ ಬೋಳಿಸಿಕೊಂಡು ಟೀ ಅಂಗಡಿಗೆ ಹೋದೆ. ಅಲ್ಲಿದ್ದವರು ನನ್ನ ಮುಖ ನೋಡಿ ನಕ್ಕರು. ಒಬ್ಬ "ಲೇ, ಇನ್ನರ್ಧ ನಾಳೆಗೇನ್ಲೇ?" ಎಂದ. ಕೆನ್ನೆ ಮುಟ್ಟಿ ನೋಡಿಕೊಂಡರೆ ಬಲಗಡೆ ನುಣ್ಣಗೆ, ಎಡಗಡೆ ಮುಳ್ಳು. ಮನೆಗೆ ಬಂದು, ಕನ್ನಡಿ ಹಳೆಯದಾಯಿತು ಎಂದು ಹೆಂಡತಿಯ ಮೇಲೆ ರೇಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಗಿತ್ತು ನನ್ನ ಕತೆ. ಚಳ್ಳಕೆರೆಯ ಕನ್ನಡಕದ ಅಂಗಡಿಯವನು ಮಿಷನ್ನಿನಲ್ಲಿ ನೋಡಿ, "ಎರಡು ಕಣ್ಣೂ ಚೆನ್ನಾಗವೆ ಯಜಮಾನ್ರೆ" ಎಂದ. ನಿನ್ನ ಮಿಷನ್ನೇ ಸರಿ ಇಲ್ಲ ಎಂದು ಅವನಿಗೂ ಬೈದು ಬಂದೆ.

ಕೊನೆಗೆ ತಲೆಯ ಡಾಕ್ಟರು ಬಿಡಿಸಿ ಹೇಳಿದರು. ನನ್ನ ಎಡಗಣ್ಣು ಮುಚ್ಚಿಸಿ, ಆಮೇಲೆ ಬಲಗಣ್ಣು ಮುಚ್ಚಿಸಿ, ಬೆರಳು ಆಡಿಸಿ ಕೇಳಿದರು. ಯಾವ ಕಣ್ಣು ಮುಚ್ಚಿದರೂ ಎಡಗಡೆಯ ಬೆರಳು ನನಗೆ ಕಾಣಲಿಲ್ಲ. "ಕಣ್ಣು ಬರೀ ಕಿಟಕಿ ಇದ್ದಂಗೆ. ಒಳಗೆ ಕೂತು ನೋಡೋದು ಮೆದುಳು. ಎಡಗಡೆ ನೋಡೋ ಭಾಗಕ್ಕೆ ಪೆಟ್ಟಾಗೈತೆ. ಆ ಕಡೆ ನೋಡ್ಬೇಕು ಅನ್ನೋದೂ ನಿಮಗೆ ಹೊಳೆಯಲ್ಲ, ಅದೇ ತೊಂದ್ರೆ" ಎಂದರು. ಬೇಕೆಂದೇ ತಲೆ ತಿರುಗಿಸಿ ತಿರುಗಿಸಿ ನೋಡುವ ಅಭ್ಯಾಸ ಮಾಡಬೇಕಂತೆ. ಮಗ್ಗಕ್ಕೆ ಕೂರಬಹುದಾ ಎಂದು ಕೇಳಿದೆ. ಸದ್ಯಕ್ಕೆ ಬೇಡ ಎಂದರು.

ಬೇಡ ಎನ್ನಲು ಅವರಿಗೇನು. ಗುಂಡಿಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂರುವ ಆ ಜಾಗ ನನಗೆ ಅಪ್ಪನಿಂದ ಬಂದದ್ದು. ನಮ್ಮ ಮನೆಯಲ್ಲಿ ಅದು ಗಂಡಸಿನ ಜಾಗ. ಅದು ಹೋದರೆ ನಾನು ಓಣಿಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುವ ಇನ್ನೊಬ್ಬ, ಅಷ್ಟೆ. ನನಗೆ ಭಯವಾಗಿತ್ತು. ಭಯವಾಗಿದೆ ಎಂದು ಹೇಳಿಕೊಳ್ಳುವ ಜಾಯಮಾನ ನನ್ನದಲ್ಲ, ಅದಕ್ಕೇ ಕೂಗಾಡಿದೆ. ಮರುವಾರವೇ ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆ, ಕಟ್ಟಿಸಿ ಕೂತೆ.

ನಮ್ಮ ಸೀರೆಗೆ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಹಾಗಾಗಿ ಮೂರು ಲಾಳಿ ಬೇಕು. ಒಡಲಿನದು, ಬಲ ಅಂಚಿನದು ನನ್ನ ಕೈಯಲ್ಲಿ. ಎಡ ಅಂಚಿನ ಲಾಳಿ ಎಸೆಯಲು ಹೆಂಡತಿ ನನ್ನ ಎಡಕ್ಕೆ ಕೂರುತ್ತಾಳೆ. ಮದುವೆಯಾದ ವರ್ಷದಿಂದಲೂ ಅದೇ ರೂಢಿ. ಒಡಲಿನ ಮೇಲೆ ಸಾಲಿಗೆ ಎಂಟು ಬುಟ್ಟಾ, ಅಂದರೆ ಜರಿಯ ಸಣ್ಣ ಹೂವು. ಒಂದೊಂದು ಬುಟ್ಟಾಕ್ಕೂ ಸಣ್ಣ ಕಡ್ಡಿಗೆ ಸುತ್ತಿದ ಜರಿಯನ್ನು ಕೈಯಿಂದಲೇ ತೂರಿಸಬೇಕು, ಅದು ನೇಯುವವನ ಕೆಲಸ.

ಮೊದಲ ದಿನ ಕೂತು, "ಎಲ್ಲಿ ಸತ್ತೋದ್ಯೇ, ಬಾ" ಎಂದು ಕೂಗಿದೆ.

"ಇಲ್ಲೇ ಅದೀನಿ, ಪಕ್ಕದಾಗೇ" ಎಂದಳು.

ಮಗ್ಗ ನಡೆಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಸಂಜೆ ಟೀ ಅಂಗಡಿಯಲ್ಲಿ ಎಲ್ಲರಿಗೂ ನಾನೇ ಟೀ ಕೊಡಿಸಿದೆ. ಬಲಗಡೆಯಿಂದ ಬುಟ್ಟಾ ತೂರಿಸುತ್ತ ಬರುತ್ತಿದ್ದೆ, ಸಾಲು ಮುಗಿಯಿತು ಎನ್ನಿಸುತ್ತಿತ್ತು, ಲಾಳಿ ಬಿಡುತ್ತಿದ್ದೆ. ಎಣಿಸಲಿಲ್ಲವಾ ಎನ್ನುತ್ತೀರಿ. ಮೂವತ್ತು ವರ್ಷ ನೇಯ್ದವನು ಬುಟ್ಟಾ ಎಣಿಸುತ್ತಾ ಕೂರುವುದಿಲ್ಲ ಸ್ವಾಮಿ. ಒಂದೇ ಬೇಜಾರು, ಅವಳು ನಿಧಾನವಾಗಿದ್ದಳು. ನನ್ನ ಸಾಲು ಮುಗಿದರೂ ಅವಳ ಲಾಳಿ ಬರುತ್ತಿರಲಿಲ್ಲ.

"ಒಂದು ಲಾಳಿ ಎಸೆಯಾಕೆ ಇಷ್ಟೊತ್ತೇನೇ? ನಿದ್ದೆ ಹೊಡೀತಿದೀಯಾ?"

"ದಾರ ಹರೀತು. ಕಟ್ತಾ ಅದೀನಿ. ತಡೀರಿ."

ದಿನಕ್ಕೆ ಹತ್ತು ಸಲ ದಾರ ಹರಿಯುತ್ತಿತ್ತು ಅವಳಿಗೆ. ವಯಸ್ಸಾಯಿತು, ಕೈಯಲ್ಲಿ ಕಸುವಿಲ್ಲ, ಅವಳನ್ನು ಕಟ್ಟಿಕೊಂಡು ಏಗಬೇಕು ಎಂದು ನಾನು ಹೊರಗೆ ಹೇಳಿಕೊಂಡು ತಿರುಗಿದೆ. ಈಗ ಆ ಮಾತು ನೆನೆಸಿಕೊಂಡರೆ ನಾಲಿಗೆ ಕಡಿದುಕೊಳ್ಳಬೇಕು ಎನ್ನಿಸುತ್ತದೆ.

ಒಂದಾದ ಮೇಲೊಂದು ಎರಡು ಸೀರೆ ನೇಯ್ದು ಕೊಟ್ಟಾಯಿತು. ಮೂರನೆಯದು ಮುಗಿದ ದಿನ, ನಮಗೆ ರೇಷ್ಮೆ ಕೊಟ್ಟು ಸೀರೆ ಒಯ್ಯುವ ಸಾವ್ಕಾರರು ತಾವೇ ಮನೆಗೆ ಬಂದರು. ಸೀರೆ ಕೊಡುವ ಮುಂಚೆ ಚಾಪೆಯ ಮೇಲೆ ಉದ್ದಕ್ಕೆ ಹಾಸಿ, ಆ ತುದಿಯಿಂದ ಒಮ್ಮೆ ಈ ತುದಿಯಿಂದ ಒಮ್ಮೆ ನೋಡುವುದು ರೂಢಿ. ಹಿಂದಿನೆರಡು ಸಲ ಆ ತುದಿಗೆ ಅವಳೇ ಹೋಗಿದ್ದಳು. ಈ ಸಲ ಅವಳು ಒಳಗೆ ಟೀ ಸೋಸುತ್ತಿದ್ದಳು, ಈ ತುದಿಯಿಂದ ನೋಡಿ ಮುಗಿಸಿ ಆ ತುದಿಗೂ ನಾನೇ ಹೋದೆ.

ಹೋಗಿ ನೋಡಿದರೆ ಅದು ನನ್ನ ಸೀರೆಯಲ್ಲ. ಬಣ್ಣ ಅದೇ, ಅಂಚು ಅದೇ, ಬುಟ್ಟಾ ಮಾತ್ರ ನನ್ನ ಕೈಯವಲ್ಲ. ನಾನು ಜರಿಯನ್ನು ಸಡಿಲ ಬಿಡುವವನು, ನನ್ನ ಬುಟ್ಟಾ ಅಗಲವಾಗಿ ಮಲಗುತ್ತದೆ. ಇಲ್ಲಿನವು ಬಿಗಿಯಾಗಿ, ಕುಗ್ಗಿಕೊಂಡು ಕೂತಿದ್ದವು. ನೇಕಾರನಿಗೆ ತನ್ನ ಕೈ ಗೊತ್ತಾಗದೆ ಇರುತ್ತದೆಯೇ?

"ಏನೇ, ಯಾರ ಸೀರೆ ಇದು?" ಎಂದು ಒಳಗೆ ಕೇಳುವಂತೆ ಅರಚಿದೆ. "ನಂದನ್ನ ಎಲ್ಲಿಟ್ಟೆ? ಸಾವ್ಕಾರ್ರ ಮುಂದೆ ನನ್ನ ಮಾನ ಕಳೀಬೇಕು ಅಂತ ಮಾಡಿದೀಯಾ?"

ಅವಳು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಸಾವ್ಕಾರರು ನನ್ನ ಹೆಗಲ ಮೇಲೆ ಕೈ ಹಾಕಿ, ಚಾಪೆಯ ಸುತ್ತ ನಡೆಸಿ, ನಾನು ಮೊದಲು ನಿಂತಿದ್ದ ತುದಿಗೆ ಕರೆತಂದರು.

"ಇದು ಯಾರ ಕೈಯಪ್ಪಾ?"

"ನಂದು."

"ಸೀರೆ ಒಂದೇ ಐತೆ ಕಣಪ್ಪಾ. ಯಾರೂ ಬದಲಾಯ್ಸಿಲ್ಲ. ಕತ್ತು ತಿರುಗ್ಸು, ಇನ್ನೂ ಸ್ವಲ್ಪ ತಿರುಗ್ಸು."

ನನ್ನ ಗಲ್ಲ ಹಿಡಿದು ಅವರೇ ಎಡಕ್ಕೆ ತಿರುಗಿಸಿದರು. ನನ್ನ ನಾಲ್ಕು ಅಗಲ ಬುಟ್ಟಾಗಳ ಪಕ್ಕದಲ್ಲಿ ನಾಲ್ಕು ಬಿಗಿ ಬುಟ್ಟಾ. ಆ ತುದಿಯಲ್ಲಿ ನಿಂತಾಗ ನನ್ನ ಬಲಕ್ಕೆ ಬಂದಿದ್ದವು ಇವೇ. ಕೆಳಗಿನ ಸಾಲಿನಲ್ಲೂ ಹಾಗೇ, ಅದರ ಕೆಳಗೂ ಹಾಗೇ, ಸೆರಗಿನವರೆಗೆ.

"ಯಾವಾಗಿಂದ?" ಎಂದು ಅವಳನ್ನು ಕೇಳಿದೆ.

"ಮೊದಲ್ನೇ ದಿನದಿಂದ."

"ಹೇಳಾಕೇನಾಗಿತ್ತು?"

"ಹೇಳಿದ್ರೆ ಎದ್ದುಬಿಡ್ತಿದ್ರಿ" ಎಂದಳು. "ಎದ್ರೆ ಮತ್ತೆ ಕೂರ್ತಿರ್ಲಿಲ್ಲ ನೀವು."

ಸಾವ್ಕಾರರು ಟೀ ಕುಡಿದು, ಸೀರೆ ಮಡಿಸಿಕೊಂಡು, ಹೊಸ ಹಾಸು ಕಟ್ಟಲು ರೇಷ್ಮೆ ಇಟ್ಟು ಹೋದರು. ಕೆಲಸ ಚೆನ್ನಾಗಿದೆ ಎಂದೇ ಹೇಳಿದರು, ಯಾರದು ಎಂದು ಹೇಳಲಿಲ್ಲ. ಎರಡು ದಿನ ನಾನು ಅವಳೊಡನೆ ಮಾತಾಡಲಿಲ್ಲ. ಸಿಟ್ಟಲ್ಲ, ನಾಚಿಕೆ. ಮೂರನೆಯ ದಿನ ಅವಳು ಹಾಸು ಕಟ್ಟಿ ಮುಗಿಸುತ್ತಲೇ ಹೋಗಿ ಅವಳ ಜಾಗದಲ್ಲಿ ಕೂತೆ. ಗುಂಡಿಯ ಕಡೆ ಕೈ ತೋರಿಸಿ, "ನೀನು ಅಲ್ಲಿ ಕೂತ್ಕ" ಎಂದೆ. ಅವಳು ಸೀರೆ ಎತ್ತಿ ಕಟ್ಟಿ ಗುಂಡಿಗೆ ಕಾಲಿಳಿಸಿದಳು.

ಎಡತುದಿಯಲ್ಲಿ ಕೂತರೆ ಬಟ್ಟೆಯೆಲ್ಲ ನನ್ನ ಬಲಕ್ಕೇ ಬರುತ್ತದೆ. ಆ ಅಂಚಿನಿಂದ ಈ ಅಂಚಿನವರೆಗೆ ಪೂರ್ತಿ ಕಂಡಿತು. ನನ್ನ ಜಾಗ ಹೋಯಿತು ಎಂಬ ಸಂಕಟ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳು ಮೊದಲ ಸಾಲಿನ ಬುಟ್ಟಾ ಶುರು ಮಾಡಿದಳು. ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಮಗ್ಗದ ಮುಂದೆ ಅವಳು ನನ್ನ ಕಣ್ಣಿಗೆ ಬಿದ್ದದ್ದು ಪೆಟ್ಟಾದ ಮೇಲೆ ಅದೇ ಮೊದಲು. ಅವಳು ಕನ್ನಡಕ ಹಾಕಿಕೊಂಡಿದ್ದಳು. ದಪ್ಪ ಗಾಜು. ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ರೇಷ್ಮೆ ದಾರ ಸುತ್ತಿದ್ದಳು.

"ಕನ್ನಡಕ ಯಾವಾಗ ಬಂತು ನಿಂಗೆ?"

"ಎರಡ್ನೇ ಸೀರೇಲಿ. ಜರಿ ಕಾಣ್ತಿರ್ಲಿಲ್ಲ. ಮಗ್ಗಕ್ಕೆ ಕೂತಾಗ ಮಾತ್ರ ಹಾಕ್ಕೊಂತೀನಿ" ಎಂದು, ಬಟ್ಟೆಯಿಂದ ಕಣ್ಣು ತೆಗೆಯದೆ ನನ್ನ ಲಾಳಿಗಾಗಿ ಕೈ ಚಾಚಿದಳು.