ಅಪ್ಪನ ಬಸ್ಸಿಗೆ ಏರ್‌ಬ್ರಷ್

ಆಗ ನಾನು ಬೈಲಹೊಂಗಲದ ಶಾಲೆಯೊಂದರಲ್ಲಿ ಚಿತ್ರಕಲೆಯ ಶಿಕ್ಷಕಿ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಸವದತ್ತಿ ದಾರಿಯಲ್ಲಿ ವರ್ಷಗಟ್ಟಲೆ ಒಂದೇ ಗಾಡಿ ಓಡಿಸಿದವರು. ಎರಡು ಸಾವಿರದ ಇಸವಿ ದಾಟಿದ ಹೊಸತು, ಅವರ ನಿವೃತ್ತಿ ಹತ್ತಿರ ಬಂದಿತ್ತು. ಆ ಗಾಡಿಯನ್ನೇ ಪುಟ್ಟದಾಗಿ, ಅಳತೆ ತಪ್ಪದಂತೆ ಮಾಡಿ ಅವರ ಕೈಗಿಡಬೇಕೆಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಕುಂಚದಿಂದ ಬಣ್ಣ ಬಳಿದೆ.

ಅಪ್ಪ ಅದನ್ನು ತಿರುಗಿಸಿ ನೋಡಿ, "ಛಲೋ ಆಗೇತಿ. ಯಾವ ಡಿಪೋದ ಗಾಡಿವಾ ಇದು?" ಎಂದರು.

ನನ್ನ ಮುಖ ಹುಳ್ಳಗಾಯಿತು. ಮೈತುಂಬ ಕುಂಚದ ಗೆರೆ ಎದ್ದಿದ್ದ ಆ ಬಸ್ಸು ಯಾವ ಡಿಪೋದ್ದೂ ಆಗಿರಲಿಲ್ಲ. ಬಣ್ಣವನ್ನೆಲ್ಲ ಉಜ್ಜಿ ತೆಗೆದೆ. ಅಪ್ಪ ನೋಡಿದ ಕೂಡಲೇ ತಮ್ಮ ಗಾಡಿ ಅನ್ನಬೇಕು, ಅಲ್ಲಿಯವರೆಗೆ ಬಿಡುವವಳಲ್ಲ ಎಂಬ ಹಟ ಹಿಡಿಯಿತು.

ಕಿತ್ತೂರಿನ ಹೆದ್ದಾರಿ ಪಕ್ಕ ಲಾರಿಗಳಿಗೆ ಬಣ್ಣ ಹೊಡೆಯುವ ಮಿಸ್ತ್ರಿಯೊಬ್ಬರಿದ್ದರು. ಹೋಗಿ, ಗೆರೆ ಬೀಳದಂತೆ ಬಣ್ಣ ಹೊಡೆಯುವುದು ಹೇಗೆಂದು ಕೇಳಿದೆ. ಬಣ್ಣ ಊದುವ ತಮ್ಮ ದೊಡ್ಡ ಗನ್ನು ತೋರಿಸಿ ನಕ್ಕರು.

"ಅಕ್ಕೋರ, ಇದನ್ನ ಹಿಡದ್ರ ನಿಮ್ಮ ಬಸ್ಸು ಹಾರಿ ಹೋಗತೈತ್ರಿ. ಸಣ್ಣದು ಬರತೈತಿ, ಮ್ಯಾಲೆ ಬಟ್ಟಲ ಇದ್ದದ್ದು ತಗೋರಿ. ಒತ್ತಿದ್ರ ಗಾಳಿ, ಹಿಂದ ಎಳದ್ರ ಬಣ್ಣ ಬರಬೇಕು. ಗಾಳ್ಯಾಗಿನ ನೀರ ಹಿಡಿಯೋ ಡಬ್ಬಿ ಮರೀಬ್ಯಾಡ್ರಿ. ಮತ್ತ, ಮೊದಲ ಪೇಪರ್ ಮ್ಯಾಲೆ ಊದಿ ನೋಡ್ರಿ."

ಹುಬ್ಬಳ್ಳಿಯ ಅಂಗಡಿಯವರು ಮೂರು ಏರ್‌ಬ್ರಷ್ ಎದುರಿಗಿಟ್ಟರು. ಪೆನ್ನಿನಂತೆ ಹಿಡಿಯುವ ಸಾಮಾನು! ಮೂರನೆಯದು ಬೆರಳಿಗೆ ಹೊಂದಿಕೊಂಡು ಕೂತಿತು. ಖುಷಿಗೆ ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ. ಸಣ್ಣ ಕಂಪ್ರೆಸರ್, ಪೈಪು, ನೀರಿನ ಡಬ್ಬಿ, ಒಂದು ಸೂಜಿ ಹೆಚ್ಚಿಗೆ, ತೊಳೆಯಲು ಕೂದಲೆಳೆಯಂಥ ಬ್ರಷ್ಷು, ಎಲ್ಲ ಕಟ್ಟಿಸಿಕೊಂಡೆ. ಊರಿಗೆ ಮರಳುವ ಬಸ್ಸಿನಲ್ಲಿ ಪ್ರತಿ ಸ್ಟಾಪಿಗೂ ಏರ್‌ಬ್ರಷ್ಷಿನ ಡಬ್ಬಿ ತೆರೆದು ನೋಡುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಒಳಗೆ ಬಂಗಾರವಿದೆ ಅಂದುಕೊಂಡಿರಬೇಕು.

ಮನೆಗೆ ಬಂದರೆ ಅವ್ವ ಅಡ್ಡ ನಿಂತಳು.

"ಹೊಸಾ ಸಾಮಾನು, ಪೂಜಿ ಆಗಲಾರದ ಚಾಲೂ ಮಾಡಬಾರದು."

ದೇವರ ಜಗಲಿಯ ಮೇಲಿಟ್ಟು ಊದುಬತ್ತಿ ಬೆಳಗಿದಳು. ಹಿಡಿಕೆಗೆ ವಿಭೂತಿ ಹಚ್ಚಿದಳು. ಕುಂಕುಮವನ್ನು ಮಾತ್ರ ಧಾರಾಳವಾಗಿ ಏರಿಸಿದಳು. ನನಗೋ ತಾಳ್ಮೆಯಿಲ್ಲ. ಪೂಜೆ ಮುಗಿದದ್ದೇ ತಡ, ಬಟ್ಟಲಿನೊಳಗೆ ಇಣುಕದೆ ಕೆನೆಬಣ್ಣ ಸುರಿದೆ. ಪೇಪರ್ ಗೀಪರ್ ಯಾರಿಗೆ ಬೇಕು? ನೇರ ಬಸ್ಸಿನ ಮುಂಭಾಗಕ್ಕೆ ಊದಿದೆ. ಆಹಾ, ಎಂಥ ನುಣುಪು! ಗೆರೆಯೇ ಇಲ್ಲ! ಇನ್ನೊಮ್ಮೆ ಊದುವಷ್ಟರಲ್ಲಿ ಚಿರ್ರೆಂದು ಕೆಂಪು ಚುಕ್ಕೆಗಳು ಸಿಡಿದು ಗಾಜಿನ ಕೆಳಗೆಲ್ಲ ಹರಡಿದವು. ಬಟ್ಟಲಿನ ತಳದಲ್ಲಿ ಅವ್ವನ ಕುಂಕುಮವಿತ್ತು.

ಅಳು ಬಂತು. ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಲು ಕೂತೆ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತರು. ಚಪ್ಪಲಿಯನ್ನೂ ಬಿಡದೆ ಬಂದು ನನ್ನ ಕೈ ಹಿಡಿದರು.

"ಏ, ತಿಕ್ಕಬ್ಯಾಡವಾ! ಖಂಡೇನವಮಿಗೆ ಗಾಡಿ ಪೂಜಿ ಆದ ಮರುದಿನ ಇದರ ಮಾರಿ ಹಿಂಗ ಇರತೈತಿ. ಎಷ್ಟ ತೊಳದ್ರೂ ಕುಂಕುಮ ಹೋಗಂಗಿಲ್ಲ."

ಬಸ್ಸನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡರು. ಕೆಂಪು ಚುಕ್ಕೆಗಳ ಮೇಲೆ ಮೆಲ್ಲಗೆ ಹೆಬ್ಬೆರಳಾಡಿಸಿದರು.

"ಉಳಿದದ್ದಕ್ಕ ಕೆಂಪ ಬಣ್ಣ ಹೊಡಿ," ಎಂದರು ಕೊನೆಗೆ. "ನನ್ನ ಗಾಡಿ ಮಾರಿ ಮುಟ್ಟಬ್ಯಾಡ."