ಹೊಳ್ಳರು ಬಾಗಿಲಿಗೆ ಹೋಗಿ ಕೂಡಿಸಿದ ಪರಿಚಯ

ಸಾಲಿಗ್ರಾಮದ ವಿಷ್ಣುಮೂರ್ತಿ ಹೊಳ್ಳ. ವಯಸ್ಸು ಐವತ್ತೊಂದು. ಹೆಂಡತಿ ಚಂದ್ರಮತಿ, ಒಬ್ಬಳೇ ಮಗಳು ಅಶ್ವಿತಾ. ವಾಸ ಮದ್ರಾಸಿನ ರಾಯಪುರಂ. ವೃತ್ತಿ, ಬಂದರಿನ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತೆರಡು ವರ್ಷಗಳ ಅಡುಗೆ.

2007ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಬ್ರೌಸಿಂಗ್ ಸೆಂಟರಿನ ಮರದ ಗೂಡಿನಲ್ಲಿ ಕುಳಿತು ಇಷ್ಟನ್ನು ಇಂಗ್ಲಿಷಿನಲ್ಲಿ ತುಂಬಿಸಿದ ಮೇಲೆ ಅಶ್ವಿತಾಳ ಬೆರಳು ನಿಂತಿತು. ಪರದೆಯ ಮೇಲೆ ಇನ್ನೂ ಎಷ್ಟೋ ಖಾಲಿ ಚೌಕಗಳಿದ್ದವು. ಸಾಧನೆಗಳು, ಕೌಶಲಗಳು, ಪ್ರಶಸ್ತಿಗಳು. ತಂದೆಯನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದವಳಿಗೆ ಆ ಚೌಕಗಳಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ.

ಬರೆಯದೆ ಬಿಡುವಂತೆಯೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಹೋಟೆಲು ಮುಚ್ಚುತ್ತೇವೆಂದು ಧಣಿಗಳು ಕೆಲಸದವರನ್ನೆಲ್ಲ ಕೂರಿಸಿ ಹೇಳಿದ್ದರು. ಕಟ್ಟಡ ಗೋದಾಮಿಗೆ ಹೋಗಲಿತ್ತು. ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದ ದಾಯಾದಿಯೊಬ್ಬರು, ಒಬ್ಬನೇ ಬರುವುದಾದರೆ ಬಾ, ಮಲಗಲು ಅಟ್ಟದ ಮೇಲೆ ಜಾಗವಿದೆ ಎಂದು ಹೇಳಿಕಳಿಸಿದ್ದರು. ಚಂದ್ರಮತಿ ಗಂಡನ ನಾಲ್ಕು ಪಂಚೆಗಳನ್ನು ಒಗೆದು, ಮಡಿಸಿ, ಬೇರೆಯಾಗಿ ಇಟ್ಟಳು. ಆ ಮಡಿಕೆಗಳನ್ನು ಕಂಡ ದಿನವೇ ಅಶ್ವಿತಾ ಪತ್ರಿಕೆಯ ಜಾಹೀರಾತುಗಳನ್ನು ಜಾಲಾಡತೊಡಗಿದಳು. ಗಿಂಡಿಯ ಕಂಪನಿಯೊಂದು ದೊಡ್ಡ ಕಚೇರಿಗಳಿಗೆ ಊಟ ಒದಗಿಸುತ್ತಿತ್ತು. ಅಂಥ ಒಂದು ಕ್ಯಾಂಟೀನಿಗೆ ಅಡುಗೆಯ ಮುಖ್ಯಸ್ಥರು ಬೇಕಾಗಿದ್ದರು. ಅರ್ಜಿಯನ್ನು ಅಂತರ್ಜಾಲದಲ್ಲೇ ಕಳಿಸಬೇಕು, ವೃತ್ತಿಪರರು ಪರಸ್ಪರ ಪರಿಚಯ ಬೆಳೆಸುವ ತಾಣದಲ್ಲಿ ತಮ್ಮ ಪುಟವನ್ನು ತೋರಿಸಬೇಕು. ಕೊನೆಯ ದಿನ ಸೆಪ್ಟೆಂಬರ್ ಹದಿನೈದು.

ಮೂರರಿಂದ ಐದರವರೆಗೆ ಹೋಟೆಲಿನ ಒಲೆಗೆ ಬಿಡುವು. ಆ ಹೊತ್ತಿನಲ್ಲಿ ತಂದೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮಗಳು ಕೇಳಿದಳು.

"ಅಪ್ಪಾ, ಡೆಸಿಗ್ನೇಷನ್ ಏನು ಹಾಕ್ಲಿ? ಕಿಚನ್ ಮ್ಯಾನೇಜರ್?"

"ಮ್ಯಾನೇಜರ್ ಗಲ್ಲಾಪೆಟ್ಟಿಗೆ ಹತ್ರ ಕೂತ್ಕಂತ್ರ್. ನಾನ್ ಅಡುಗೆಯವ."

"ಹದಿನಾಲ್ಕು ಜನ ನಿಮ್ಮ ಕೆಳಗೆ ಕೆಲಸ ಮಾಡ್ತಾರಲ್ಲ ಪಾ! ಅದು ಮ್ಯಾನೇಜರ್ ತಾನೆ?"

"ಕೆಳಗೆ ಅಲ್ಲ ಮಗಾ, ಒಟ್ಟಿಗೆ. ಹಂಗೇ ಬರಿ."

ಹಾಗೆಯೇ ಬರೆದಳು. ಚಿತ್ರಕ್ಕೆ ಟೈ ಕಟ್ಟಿಸಬೇಕೆಂದು ಸ್ಟುಡಿಯೋದವನು ಒತ್ತಾಯ ಮಾಡಿದಾಗ, ಒಲೆಯ ಮುಂದೆ ಅದು ಬೆಂಕಿಗೆ ಬೀಳುವ ವಸ್ತು ಎಂದು ಹೊಳ್ಳರು ಕೊರಳು ಕೊಡಲಿಲ್ಲ. ಬಿಳಿ ಅಂಗಿ, ಹಣೆಯಲ್ಲಿ ಗಂಧದ ಸಣ್ಣ ಬೊಟ್ಟು, ಯಾರೋ ಊಟ ಹೇಗಿದೆಯೆಂದು ಹೇಳುವುದನ್ನು ಕಾಯುತ್ತಿರುವಂಥ ಮುಖ. ಚಿತ್ರ ಚೆನ್ನಾಗಿಯೇ ಬಂತು.

ಪುಟ ಸಿದ್ಧವಾದರೂ ಅದರಲ್ಲಿ ಪರಿಚಿತರ ಸಂಖ್ಯೆ ಸೊನ್ನೆ ಎಂದಿತ್ತು. ಊರಿನವರ ಸಂಘ ವರ್ಷಕ್ಕೊಮ್ಮೆ ಅಚ್ಚು ಹಾಕಿಸುತ್ತಿದ್ದ ವಿಳಾಸ ಪುಸ್ತಕವನ್ನು ಅಶ್ವಿತಾ ತೆರೆದಳು. ಸಂಘದ ಸಮಾರಾಧನೆಗಳಿಗೆ ಇಪ್ಪತ್ತು ವರ್ಷಗಳಿಂದ ಅಡುಗೆಗೆ ನಿಂತವರು ಹೊಳ್ಳರು; ಅವರ ಕೈಯ ಸಾರು ಉಣ್ಣದವರು ಆ ಪುಸ್ತಕದಲ್ಲಿರಲಿಲ್ಲ. ಇಮೇಲ್ ವಿಳಾಸವಿದ್ದ ನಲವತ್ತಾರು ಮಂದಿಗೆ, ವಿಷ್ಣುಮೂರ್ತಿ ಹೊಳ್ಳರನ್ನು ತಮ್ಮ ಪರಿಚಿತರೆಂದು ಒಪ್ಪಿಕೊಳ್ಳಬೇಕೆಂಬ ಕೋರಿಕೆಯನ್ನು ಅವಳು ಒಂದೇ ಒತ್ತಿಗೆ ಕಳಿಸಿದಳು. ಕೆಲಸ ಮುಗಿಯಿತೆಂದು ಸಮಾಧಾನದಿಂದ ಕಬ್ಬಿನ ಹಾಲು ಕುಡಿದು ಮನೆಗೆ ಬಂದಳು.

ಎರಡು ದಿನದ ಮೇಲೆ ತಾಂಬರಂನಿಂದ ಹರಿದಾಸ ಐತಾಳರು ಹೋಟೆಲಿಗೆ ಫೋನ್ ಮಾಡಿ, ನಿಮ್ಮ ಹೆಸರಿನಲ್ಲಿ ಏನೋ ಬಂದಿದೆಯಲ್ಲ ಎಂದು ವಿಚಾರಿಸಿದರು. ರಾತ್ರಿ ಮನೆಗೆ ಬಂದ ಹೊಳ್ಳರು ತಟ್ಟೆಯ ಮುಂದೆ ಕೂತವರು ಅನ್ನಕ್ಕೆ ಕೈ ಹಾಕಲಿಲ್ಲ.

"ಎಷ್ಟ್ ಜನಕ್ಕೆ ಕಳ್ಸಿದ್ದೆ?"

"ನಲವತ್ತಾರು. ಯಾಕಪ್ಪಾ?"

"ನಲವತ್ತಾರ್ ಜನರ ಹತ್ರ, ನಾನ್ ನಿಮ್ಮವ ಅಂದ್ಹೇಳಿ ಅಂತ ನೀ ಬೇಡ್ಕಂಡಿದ್ದೆ. ಒಬ್ರ್ ಮೆಟ್ಲನ್ನೂ ಹತ್ತದೆ. ಅಲ್ದಾ?"

"ಅಯ್ಯೋ, ಅದು ಬರೀ ಒಂದು ಕ್ಲಿಕ್ ಪಾ!"

"ಅದೇ ನಾನ್ ಹೇಳುದ್."

ಉಪನಯನವಿರಲಿ, ಗೃಹಪ್ರವೇಶವಿರಲಿ, ಮೈಗೆ ಹುಷಾರಿಲ್ಲದವರ ಬದಲಿಗೆ ಒಂದು ದಿನ ಅಡುಗೆಗೆ ಬನ್ನಿರೆಂದು ಕೇಳುವ ಸಣ್ಣ ಉಪಕಾರವೇ ಇರಲಿ, ಅವರ ಕಡೆಯವರಲ್ಲಿ ಒಂದೇ ರೀತಿ. ಮನೆಗೆ ಹೋಗಬೇಕು, ಕೂತು ನೀರು ಕುಡಿಯಬೇಕು, ಆಮೇಲೆ ಬಾಯಿ ತೆರೆಯಬೇಕು. ಒಂದೇ ಊರಿನಲ್ಲಿದ್ದುಕೊಂಡು ಅಂಚೆಯಲ್ಲಿ ಕರೆಯೋಲೆ ಕಳಿಸಿದವರ ಮನೆಗೆ ಯಾರೂ ಊಟಕ್ಕೆ ಹೋಗುತ್ತಿರಲಿಲ್ಲ. ಈ ಶಿಸ್ತನ್ನು ಹೊಳ್ಳರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಆದ್ದರಿಂದ ಯಾವ ವಾದದಿಂದಲೂ ಅದನ್ನು ಬಿಡಿಸುವಂತಿರಲಿಲ್ಲ.

ಮರುದಿನದಿಂದ ಅವರು ಆ ನಲವತ್ತಾರು ಮಂದಿಯ ಮನೆಗಳಿಗೆ ಹೊರಟರು. ವಾರದ ದಿನಗಳಲ್ಲಿ ಮೂರರಿಂದ ಐದರ ಬಿಡುವಿನಲ್ಲಿ ಹತ್ತಿರದ ಮನೆಗಳು, ಹೋಟೆಲಿಗೆ ರಜೆಯಿದ್ದ ಭಾನುವಾರ ದೂರದವು. ಕಂಪ್ಯೂಟರಿನ ವಿಚಾರ ಬಿಡಿಸಿ ಹೇಳಲು ಅಶ್ವಿತಾ ಜೊತೆಗಿರಲೇಬೇಕಾಯಿತು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಎಲೆಕ್ಟ್ರಿಕ್ ರೈಲಿನಲ್ಲಿ ಜನರ ನಡುವೆ ಹಣ್ಣು ನಜ್ಜುಗುಜ್ಜಾಗದಂತೆ ಎತ್ತಿ ಹಿಡಿಯುವ ಕೆಲಸವೂ ಅವಳದೇ.

ತಾಂಬರಂನಲ್ಲಿ ಬಾಗಿಲು ತೆರೆದ ಹರಿದಾಸರ ಹೆಂಡತಿ ಪ್ರೇಮಮ್ಮ, ಹಣ್ಣನ್ನು ನೋಡಿದರು, ಹೊಸ ಚೂಡಿದಾರ ತೊಟ್ಟ ಹುಡುಗಿಯನ್ನು ನೋಡಿದರು, ಮದುವೆಯ ಕರೆಯೆಂದೇ ತಿಳಿದು ಒಳಗೆ ತಿರುಗಿ ಕೂಗಿದರು.

"ಹ್ವಾಯ್, ಹೊಳ್ರ್ ಬಂದ್ರ್ ಕಾಣಿ! ಅಂತೂ ನಿಘಂಟಾಯ್ತಲ್ದಾ? ಮಾಣಿ ಎಲ್ಲಿಯವ?"

"ಮದಿ ಅಲ್ಲ ಪ್ರೇಮಕ್ಕ. ಇದ್ ನಂದೇ ಒಂದ್ ವಿಷ್ಯ."

"ನಿಮ್ದಾ? ಚಂದ್ರಮತಿಗೆ ಗೊತ್ತಿತ್ತಾ?"

ಹರಿದಾಸರು ಉಯ್ಯಾಲೆಯ ಮೇಲೆಯೇ ಬಗ್ಗಿ ಬಗ್ಗಿ ನಕ್ಕರು. ಅಶ್ವಿತಾಳ ಕಿವಿ ಕೆಂಪಾಯಿತು. ಹೊಳ್ಳರು ಮಾತ್ರ ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ ಹೇಳಿದರು.

"ಹೋಟೆಲ್ ಮುಚ್ತ್. ಗಿಂಡಿಯಲ್ ಒಂದ್ ಕೆಲ್ಸ ಇತ್ತ್. ನನ್ನ ಗೊತ್ತಿದ್ದವ್ರ್ ಯಾರ್ ಅಂತ ಅವ್ರ್ ನೋಡ್ತ್ರಂತೆ. ಹೆಣ್ಣ್ ನಿಮ್ಮನ್ನ ಕೇಳ್ದೆ ಹೆಸ್ರ್ ಕಳ್ಸಿತ್, ಅದ್ ತಪ್ಪ್. ನಿಮ್ಗೆ ಮನಸ್ಸಿದ್ರೆ ಮಾತ್ರ ಒಪ್ಕಣಿ."

"ಇದ್ಕೆ ಇಷ್ಟ್ ದೂರ ಬಂದ್ರ್ಯಾ ಮಾರಾಯ್ರೆ? ಒಪ್ದೆ ಏನ್?"

"ಇನ್ನೊಂದಿತ್ತ್. ಯಾರಾದ್ರೂ ಫೋನ್ ಮಾಡಿ ಕೇಳ್ರೆ ಇದ್ದದ್ದ್ ಇದ್ದಂಗೆ ಹೇಳಿ. ಆ ಒಲೆ ಆರ್ಸಿದ್ದನ್ನೂ ಹೇಳಿ."

ಅಶ್ವಿತಾ ತಲೆಯೆತ್ತಿ ನೋಡಿದಳು. ಸಂಘದಲ್ಲಿ ಆ ಕಥೆ ತಿಳಿಯದವರಿರಲಿಲ್ಲ. ತೊಂಬತ್ತೆಂಟರ ಒಂದು ಮಧ್ಯಾಹ್ನ, ಬಂದರಿನ ಗುಮಾಸ್ತರೆಲ್ಲ ಊಟಕ್ಕೆ ಕೂತಿದ್ದ ಹೊತ್ತು, ಚಟ್ನಿ ಹಳಸಿತ್ತು. ಬಿಸಿ ಒಗ್ಗರಣೆ ಹಾಕಿ ಬಡಿಸಿಬಿಡಿ ಎಂದು ಧಣಿಗಳ ಹಿರಿಯ ಮಗ ಹೇಳಿದ. ಹೊಳ್ಳರು ನಾಲ್ಕೂ ಒಲೆಗಳನ್ನು ಆರಿಸಿ ಹಿತ್ತಿಲ ಮೆಟ್ಟಿಲಿನ ಮೇಲೆ ಹೋಗಿ ಕೂತರು. ಅರವತ್ತು ಮಂದಿ ಎಲೆಯ ಮುಂದೆ ಕಾದರು. ಹೊಸ ತೆಂಗಿನಕಾಯಿ ಒಡೆದ ಸದ್ದು ಕೇಳಿದ ಮೇಲೆಯೇ ಅವರು ಎದ್ದದ್ದು. ಹನ್ನೊಂದು ದಿನ ಧಣಿಗಳು ಅವರೊಡನೆ ಮಾತು ಬಿಟ್ಟಿದ್ದರು.

ಹಿಂದಿರುಗುವ ರೈಲಿನಲ್ಲಿ ಅಶ್ವಿತಾಳಿಗೆ ತಡೆಯಲಾಗಲಿಲ್ಲ.

"ಎನ್ನಪ್ಪಾ ಇದು? ಇಂಟರ್‌ವ್ಯೂ ಮುಂಚೆಯೇ ನಿಮ್ಮ ಮೇಲೆ ನೀವೇ ಕಂಪ್ಲೇಂಟ್ ಕೊಡ್ತೀರಾ?"

"ನನ್ನ ಗೊತ್ತಿತ್ತ್ ಅಂತ ಹೇಳುವವ್ರಿಗೆ ಅದೂ ಗೊತ್ತಿರ್ಕ್."

"ಆಮೇಲೆ ಪುಣೆಗೆ ಹೋಗಿ ಅಟ್ಟದ ಮೇಲೆ ಮಲಗಿ. ಅಮ್ಮ ಇಲ್ಲಿ ಒಬ್ಬಳೇ ಅಳ್ತಾ ಕೂತಿರ್ಲಿ."

ಹೊಳ್ಳರು ಕೈ ಚಾಚಿ ಅವಳ ಹೆಗಲಿನ ಭಾರದ ಚೀಲವನ್ನು ತಾವು ತೆಗೆದುಕೊಂಡರು. ಅವರಿಗೆ ಮಗಳ ಮೇಲಿದ್ದ ಅಕ್ಕರೆ ಹೆಚ್ಚಾಗಿ ಇಂಥ ಕೆಲಸಗಳಲ್ಲಿ ಕಾಣಿಸುತ್ತಿತ್ತು. ಮಾತಿನಲ್ಲಿ ಹುಡುಕಿದರೆ ಸಿಕ್ಕುತ್ತಿರಲಿಲ್ಲ.

ಸೆಪ್ಟೆಂಬರ್ ಹದಿನೈದು ಬಂದಾಗ ಇಪ್ಪತ್ತೇಳು ಮನೆಗಳು ಮುಗಿದಿದ್ದವು. ಇಪ್ಪತ್ತೇಳೂ ಮಂದಿ ಒಪ್ಪಿದ್ದರು. ಕೆಲವರು ಮೊಮ್ಮಕ್ಕಳಿಂದ, ಒಬ್ಬರು ಪಕ್ಕದ ಮನೆಯ ವಕೀಲರಿಂದ ಆ ತಾಣಕ್ಕೆ ಸೇರುವ ಕೆಲಸ ಮಾಡಿಸಿಕೊಂಡಿದ್ದರು. ಉಳಿದ ಹತ್ತೊಂಬತ್ತು ಮಂದಿಯಲ್ಲಿ ಆರು ಜನ ತಾವಾಗಿಯೇ ಒಪ್ಪಿದ್ದರು.

"ಅವ್ರ ಹೆಸ್ರ್ ತೆಗಿ," ಎಂದರು ಹೊಳ್ಳರು. "ಉಳ್ದವ್ರಿಗೆ ಕಳ್ಸಿದ್ದನ್ನೂ ವಾಪಸ್ ತಕೋ."

"ಒಪ್ಪಿದ್ದಾರಲ್ಲ ಪಾ!"

"ಅವ್ರ್ ದೊಡ್ಡತನ. ನಾನ್ ಹೋಯಿಲ್ಲ."

ಬೇರೆ ಅರ್ಜಿದಾರರ ಪುಟಗಳನ್ನು ಅಶ್ವಿತಾ ನೋಡಿದ್ದಳು. ಮುನ್ನೂರು, ನಾನೂರು ಪರಿಚಿತರು. ಒಂದೊಂದೇ ಹೆಸರನ್ನು ತೆಗೆಯುತ್ತ ಅವಳು ಮೂಗು ಒರೆಸಿಕೊಂಡಳು. ಪಕ್ಕದ ಗೂಡಿನ ಧೂಳಿನಿಂದ ಎಂದುಕೊಂಡಳು. ಇಪ್ಪತ್ತೇಳು ಪರಿಚಿತರೊಂದಿಗೇ ಅರ್ಜಿ ಹೋಯಿತು.

ಹತ್ತು ದಿನದ ಮೇಲೆ ಗಿಂಡಿಯಿಂದ ಕರೆ ಬಂತು. ಸಂದರ್ಶನ ಮಾಡುವವರು ಮೈಸೂರಿನ ಜಯಲಕ್ಷ್ಮೀ ಎಂಬವರು, ಮದ್ರಾಸಿಗೆ ಬಂದು ಎರಡು ವರ್ಷವಾಗಿತ್ತು. ಕೋಣೆಗೆ ಅರ್ಧ ಗೋಡೆ, ಅದರ ಮೇಲೆ ಬರೀ ಗಾಳಿ. ಹೊರಗಿನ ಬೆಂಚಿನಲ್ಲಿ ಕೂತ ಅಶ್ವಿತಾಳಿಗೆ ಎಲ್ಲವೂ ಕೇಳುತ್ತಿತ್ತು.

"ಹೊಳ್ಳರೇ, ನೀವು ಕನ್ನಡದವರು ಅಂತ ಗೊತ್ತಾದ್ಮೇಲೆ ಇಂಗ್ಲಿಷ್ ಯಾಕೆ, ಕೂತ್ಕೊಳ್ಳಿ. ಒಂದು ವಿಷಯ ಹೇಳ್ತೀನಿ. ಎಲ್ಲ ಅರ್ಜಿದಾರರ ಪಟ್ಟಿಯಿಂದ ನಾಲ್ಕು ನಾಲ್ಕು ಜನಕ್ಕೆ ಫೋನ್ ಮಾಡ್ದೆ. ಅರ್ಧಕ್ಕರ್ಧ ಜನ ‘ಯಾರಮ್ಮ ಅದು?’ ಅಂದ್ರು. ನಿಮ್ಮ ನಾಲ್ಕು ಜನ ಫೋನ್ ಇಡೋಕೇ ಬಿಡ್ಲಿಲ್ಲ. ಒಬ್ಬರಂತೂ ನಿಮ್ಮ ಹುಳಿ ಬಗ್ಗೆ ಕಾಲು ಗಂಟೆ ಮಾತಾಡಿದ್ರು."

"ಹೌದಾ? ಯಾರು?"

"ಅದಿರಲಿ ರೀ. ನಾಲ್ಕೂ ಜನ ಒಲೆ ಆರಿಸಿದ ಕಥೆನೂ ಹೇಳಿದ್ರು. ನೀವೇ ಹೇಳಿ ಅಂದಿದ್ರಂತೆ!"

"ಹೌದು."

"ನಮ್ಮ ಕ್ಯಾಂಟೀನಲ್ಲಿ ಒಂಬೈನೂರು ಜನ. ಒಂದು ಗಂಟೆಗೆ ಊಟ ಅಂದ್ರೆ ಒಂದೇ ಗಂಟೆಗೆ. ಅಲ್ಲೂ ಆರಿಸ್ತೀರಾ?"

ಇಲ್ಲ ಎಂದುಬಿಡಿ ಅಪ್ಪಾ, ಒಂದು ಸಲ ಇಲ್ಲ ಎಂದುಬಿಡಿ. ಅಶ್ವಿತಾ ಬೆಂಚಿನ ಅಂಚನ್ನು ಎರಡೂ ಕೈಗಳಿಂದ ಹಿಡಿದಳು.

"ಹಳಸಿದ್ದಾದ್ರೆ ಆರಿಸ್ತೇನೆ ಅಮ್ಮ," ಎಂದಿತು ತಂದೆಯ ದನಿ. "ಆದ್ರೆ ಒಂದು ಗಂಟೆಗಲ್ಲ, ಹನ್ನೊಂದಕ್ಕೇ. ಆವತ್ತು ಜನ ಕಾದದ್ದರಲ್ಲಿ ತಪ್ಪು ನಂದೂ ಇತ್ತು. ಚಟ್ನಿಯನ್ನು ನಾನು ಹನ್ನೊಂದಕ್ಕೇ ಬಾಯಿಗೆ ಹಾಕಿ ನೋಡಬೇಕಿತ್ತು. ಒಬ್ಬ ಹುಷಾರಿನವ ರುಬ್ಬಿದ್ದಾನೆ ಅಂತ ಬಿಟ್ಟೆ. ಅದರ ನಂತರ ಒಂಬತ್ತು ವರ್ಷ ಆಯ್ತು, ಹನ್ನೊಂದು ಗಂಟೆಗೆ ನನ್ನ ಬಾಯಿಗೆ ಬರದ ಪದಾರ್ಥ ಹೊರಗೆ ಹೋದದ್ದಿಲ್ಲ. ಹಾಗಾಗಿ ಒಲೆ ಆರಿಸುವ ಪ್ರಸಂಗವೂ ಬರಲಿಲ್ಲ."

ಈ ಮಾತನ್ನು ಅಶ್ವಿತಾ ಅದುವರೆಗೆ ಕೇಳಿರಲಿಲ್ಲ. ಊರೆಲ್ಲ ನಗುತ್ತ ಹೇಳುತ್ತಿದ್ದ ಕಥೆಯಲ್ಲಿ ಹೊಳ್ಳರು ಗೆದ್ದವರು. ಅವರ ಲೆಕ್ಕದಲ್ಲಿ ಮಾತ್ರ ಅದು ಒಂದು ಸೋಲಿನ ಸಾಲವಾಗಿ, ದಿನಕ್ಕೊಂದು ಚಮಚದಂತೆ ಒಂಬತ್ತು ವರ್ಷ ತೀರುತ್ತ ಬಂದಿತ್ತು. ಪರಿಚಿತರೆಂದು ಒಪ್ಪಿದ ಇಪ್ಪತ್ತೇಳು ಮಂದಿಗೂ ತಿಳಿಯದಿದ್ದುದನ್ನು ಅವರು ಮೊದಲ ಸಲ ಕಂಡ ಹೆಂಗಸಿಗೆ ಹೇಳಿದರು, ಆಕೆ ನೇರವಾಗಿ ಕೇಳಿದರೆಂಬ ಕಾರಣಕ್ಕೆ.

ಜಯಲಕ್ಷ್ಮೀ ಅಂದು ಏನನ್ನೂ ಒಪ್ಪಲಿಲ್ಲ. ಮೇಲಿನವರನ್ನು ಕೇಳಬೇಕು ಎಂದರು. ಹದಿನಾಲ್ಕನೆಯ ದಿನ ಬ್ರೌಸಿಂಗ್ ಸೆಂಟರಿನಿಂದ ಅಶ್ವಿತಾ ಓಡಿ ಬಂದು, ಹೋಟೆಲಿನ ಹಿಂಬಾಗಿಲಿನಲ್ಲಿ ನಿಂತು ಏದುಸಿರು ಬಿಡುತ್ತ ಹೇಳಿದಳು.

"ಅಪ್ಪಾ, ಕೆಲಸ ಸಿಕ್ಕಾಚ್ಚು! ಮೂರು ತಿಂಗಳು ಟ್ರಯಲ್, ಆಮೇಲೆ ಪರ್ಮನೆಂಟ್. ಅದ್ರಲ್ಲಿ ಒಂದು ಲೈನ್ ಹಾಕಿದ್ದಾರೆ, ದಿನಾ ಹನ್ನೊಂದಕ್ಕೆ ನೀವು ರುಚಿ ನೋಡಿ ಸೈನ್ ಮಾಡ್ಬೇಕಂತೆ."

ಹೊಳ್ಳರು ಸೌಟನ್ನು ಪಕ್ಕದವನ ಕೈಗೆ ಕೊಟ್ಟು ಹೊರಗೆ ಬಂದರು. "ಅಮ್ಮನಿಗೆ ಹೇಳ್ದ್ಯಾ?"

"ಇಲ್ಲ. ಮೊದ್ಲು ನಿಮಗೇ."

"ಓಡು. ಮೊದ್ಲ್ ಅವ್ಳಿಗೆ ಹೇಳ್ಕ್ ಇತ್ತ್."

ಚಂದ್ರಮತಿ ಸುದ್ದಿ ಕೇಳಿ ಒಳಗೆ ಹೋದಳು. ನಾಲ್ಕು ಪಂಚೆಗಳನ್ನು ತೆಗೆದು ಕೊಡವಿ ದಿನಬಳಕೆಯ ಹಗ್ಗದ ಮೇಲೆ ಹಾಕಿದಳು. ಆಮೇಲೆ ಕೂತು ಚೆನ್ನಾಗಿ ಅತ್ತಳು.

ದೀಪಾವಳಿ ಕಳೆದ ಮೂರನೆಯ ದಿನ ಹೋಟೆಲು ಬಾಗಿಲು ಹಾಕಿತು. ವಿಷ್ಣುಮೂರ್ತಿ ಹೊಳ್ಳರು ರಾಯಪುರಂನ ಆ ಅಡುಗೆಮನೆಯಲ್ಲಿ ಬಿಟ್ಟುಹೋದವು ಇವು:

ರುಬ್ಬುವ ಯಂತ್ರದ ಹಿಂದಿನ ಗೋಡೆಯಲ್ಲಿ ಇದ್ದಿಲಿನಿಂದ ಬರೆದ ಉದ್ದು ಅಕ್ಕಿಯ ಎರಡು ಅಳತೆ, ಒಂದು ಸೆಖೆಗಾಲಕ್ಕೆ, ಒಂದು ಮಳೆಗಾಲಕ್ಕೆ.

ಅವರದೇ ಅಕ್ಷರದಲ್ಲಿ ತಮಿಳು ಚೀಟಿ ಅಂಟಿಸಿದ ಹನ್ನೆರಡು ಡಬ್ಬಿಗಳು. ಮೆಂತ್ಯದ ಡಬ್ಬಿಯ ಕಾಗುಣಿತ ತಪ್ಪು.

ಹಿಡಿ ಮೂರು ಸಲ ಬದಲಾದ ಒಂದು ದೋಸೆ ಸಟ್ಟುಗ.

ಹಿತ್ತಿಲಿನಲ್ಲಿ ಒಂದು ಕರಿಬೇವಿನ ಗಿಡ, ಮತ್ತು ಅದಕ್ಕೆ ದಿನ ಬಿಟ್ಟು ದಿನ ನೀರು ಹಾಕುವುದಾಗಿ ಗೋದಾಮಿನ ಕಾವಲುಗಾರ ಕೊಟ್ಟ ಮಾತು.

ಅಡುಗೆಯವರು ಕೂರಲೆಂದು ಧಣಿಗಳು ತರಿಸಿಕೊಟ್ಟಿದ್ದ, ಹೊಳ್ಳರು ಒಂದು ದಿನವೂ ಕೂರದೆ ತೆಂಗಿನಕಾಯಿಯ ಬುಟ್ಟಿ ಇಡುತ್ತಿದ್ದ, ಒಂದು ಒಳ್ಳೆಯ ಮರದ ಕುರ್ಚಿ.