ಆಯಿ ಬೆನ್ನು ಕೊಟ್ಟ ಗೋಡೆ

ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮ ಬಿಲ್ಡಿಂಗಿನ ಎದುರಿನ ಸಣ್ಣ ಗುಡಿಗೆ ಹೊಸ ಮೆಟ್ಟಿಲು ಕೂರಿಸುತ್ತಿದ್ದಾರೆ. ಹೋದ ವಾರ ಬೆಳಿಗ್ಗೆ ಚಹಾಕ್ಕಿಟ್ಟು ನಿಂತಿದ್ದಾಗ ಅಲ್ಲಿಂದ ಉಳಿಯ ಸದ್ದು ಕೇಳಿಸಿತು. ಟಣ್, ಟಣ್, ಟಣ್. ಆಮೇಲೆ ಒಂದು ಸಲ ದಬ್. ನನ್ನ ಕೈ ತಾನಾಗಿಯೇ ಗ್ಯಾಸ್ ಆರಿಸಿತು. "ಅದರ ಹೊಟ್ಯಾಗ ಬಿರುಕೈತಿ, ಒಗೀ ಅದನ್ನ" ಎಂದು ಕಿವಿಯ ಪಕ್ಕದಲ್ಲೇ ಯಾರೋ ಅಂದಂತಾಯಿತು. ಯಾರೋ ಏನು, ನಮ್ಮ ಆಯಿಯೇ. ಅಪ್ಪನ ತಾಯಿ, ನೀಲವ್ವ. ಕಲ್ಲಿನ ದನಿ ಕೇಳಿಯೇ ಅದರ ಒಳಗುಣ ಹೇಳುತ್ತಿದ್ದವಳು. ಆಯಿ ಹೋದಳು, ನಾವಿದ್ದ ಮನೆ ಹೋಯಿತು, ಆ ಮನೆಗೆ ಆಸರೆಯಾಗಿದ್ದ ಸಮುದ್ರದ ಗೋಡೆಯೂ ಹೋಯಿತು. ನೀವೂ ಇಂಥದ್ದೇನನ್ನೋ ಕಳೆದುಕೊಂಡವರೇ ಇರಬೇಕು. ಹೋದದ್ದು ಹೋಗಲಿ ಬಿಡು ಎನ್ನುವವರು ನಿಮಗೂ ಸಿಕ್ಕಿರುತ್ತಾರೆ. ನನಗಂತೂ ಹಾಗೆ ಬಿಡುವ ಮನಸ್ಸು ಇನ್ನೂ ಬಂದಿಲ್ಲ.

ಮುಂಬಯಿಯ ಪಡುವಣ ದಂಡೆಯಲ್ಲಿ, ಮೀನುಗಾರರ ಕೋಳಿವಾಡದ ಮಗ್ಗುಲಿಗೆ, ತಗಡಿನ ಮಾಡಿನ ಹದಿನಾಲ್ಕು ಖೋಲಿಗಳ ಸಾಲೊಂದಿತ್ತು. ವಿಜಯಪುರದ ಕಡೆಯಿಂದ ಕಲ್ಲಿನ ಕೆಲಸಕ್ಕೆ ಬಂದವರು ಕಟ್ಟಿಕೊಂಡದ್ದು. ಪ್ರತಿ ಖೋಲಿಗೂ ಮೂರೇ ಗೋಡೆ ಕಟ್ಟಿದ್ದರು. ನಾಲ್ಕನೆಯದು ಸಮುದ್ರದ ಗೋಡೆಯೇ. ಆಳೆತ್ತರದ ಮೇಲೆ ಇನ್ನೂ ಮೊಳದಷ್ಟು ಏರಿದ ಕರಿಕಲ್ಲಿನ ಗೋಡೆ. ಅದರ ಸಂದಿಯಲ್ಲಿ ಮೊಳೆ ಹೊಡೆದು ಅವ್ವ ಜರಡಿ, ಸೌಟು, ದೇವರ ಫೋಟೊ ತೂಗುಹಾಕಿದ್ದಳು. ಮಳೆಗಾಲದಲ್ಲಿ ಕಲ್ಲು ಬೆವರಿ, ಒಣಗಿದಾಗ ಮೈಮೇಲೆ ಹಿಟ್ಟು ಉದುರಿಸಿದಂತೆ ಉಪ್ಪು ಕೂಡುತ್ತಿತ್ತು. ನಾನು ಬೆರಳಿಂದ ಒರೆಸಿ ನೆಕ್ಕಿ ಬೈಸಿಕೊಳ್ಳುತ್ತಿದ್ದೆ. ಒಲೆಯ ಮೇಲಿನ ಜೋಳದ ರೊಟ್ಟಿಯ ಸುಟ್ಟ ವಾಸನೆಗೆ ಹೊರಗೆ ಒಣಹಾಕಿದ ಬೊಂಬಿಲ್ ಮೀನಿನ ವಾಸನೆ ಬೆರೆಯುತ್ತಿತ್ತು. ಗೋಡೆಗೊರಗಿ ಕೂತರೆ ಆಚೆ ತೆರೆ ಬಡಿದದ್ದು ಬೆನ್ನೆಲುಬಿಗೆ ತಿಳಿಯುತ್ತಿತ್ತು.

ಆ ಗೋಡೆ ಯಾವ ಕಾಲದ್ದೆಂದು ಸರಿಯಾಗಿ ಬಲ್ಲವರು ಯಾರೂ ಇರಲಿಲ್ಲ. ಇಂಗ್ರೇಜರು ಕಟ್ಟಿಸಿದ್ದು ಎಂದು ಶಾಲೆಯ ಮಾಸ್ತರರು ಹೇಳುತ್ತಿದ್ದರು. ಯಾವನೋ ಪಾರಸೀ ಸೇಠ್ ತನ್ನ ತೋಟದ ರಕ್ಷಣೆಗೆ ಕಟ್ಟಿಸಿದ ಎಂಬುದು ಕೋಳಿವಾಡದ ಮಾತು. ಆಯಿ ಎರಡನ್ನೂ ಒಪ್ಪುತ್ತಿರಲಿಲ್ಲ. "ರೊಕ್ಕಾ ಕೊಟ್ಟಾಂವ ಕಟ್ಟಿದಂಗ ಆಗ್ತತೇನವಾ? ಕಲ್ಲ ಹೊತ್ತಾಂವ ಯಾರು, ಅದನ್ನ ಕೇಳು" ಎನ್ನುತ್ತಿದ್ದಳು. ಅವಳ ಮಾವ, ಅಂದರೆ ನನ್ನ ಮುತ್ತಜ್ಜ, ಆ ಗೋಡೆಯ ದುರಸ್ತಿಗೆಂದೇ ಊರಿಂದ ನಡೆದು ರೈಲು ಹತ್ತಿ ಬಂದವನು. ಅವನು ಎಡಚ. ಬೇರೆಯವರ ಕಲ್ಲಿನ ಮೇಲೆ ಉಳಿಯ ಗೆರೆ ಒಂದು ಕಡೆ ವಾಲಿದರೆ ಅವನ ಕಲ್ಲಿನ ಮೇಲೆ ಅದರ ವಿರುದ್ಧ ವಾಲುತ್ತಿತ್ತು. ಆಯಿ ನನ್ನ ಕೈ ಹಿಡಿದು ಆ ಗೆರೆಗಳ ಮೇಲೆ ಆಡಿಸುತ್ತಿದ್ದಳು. ಓದು ಬಾರದ ಆಯಿ ನನಗೆ ಕಲಿಸಿದ ಮೊದಲ ಅಕ್ಷರ ಅವೇ.

ನನಗೆ ಹತ್ತು ವರ್ಷವಿದ್ದಾಗ, ಮಳೆಗಾಲದ ಒಂದು ಹುಣ್ಣಿಮೆಯ ಉಬ್ಬರಕ್ಕೆ ಗೋಡೆ ಬಾಯಿ ಬಿಟ್ಟಿತು. ನಮ್ಮ ಖೋಲಿಯಿಂದ ಮೂರು ಖೋಲಿ ಆಚೆ, ಸಾಲು ಮುಗಿದು ಅಂಗಳವಿದ್ದ ಕಡೆ, ಎರಡು ಎತ್ತಿನ ಗಾಡಿ ಜೊತೆಯಾಗಿ ಹೋಗುವಷ್ಟು ಅಗಲಕ್ಕೆ ಕಲ್ಲುಗಳು ಕಳಚಿ ಸಮುದ್ರದ ಕೆಸರಿಗೆ ಬಿದ್ದವು. ನೀರು ಎಲ್ಲರ ಮನೆಗೂ ನುಗ್ಗಿ ಹಿಟ್ಟಿನ ಡಬ್ಬಿ, ಹಾಸಿಗೆ, ನನ್ನ ಪಾಟಿಚೀಲ ಎಲ್ಲವನ್ನೂ ತೇಲಿಸಿತು. ವಾರದ ಮೇಲೆ ಕೊಡೆ ಹಿಡಿದುಕೊಂಡು ಒಬ್ಬ ಇಂಜಿನಿಯರ್ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ, ದಣಿದ ಮುಖದವರು. ಗೋಡೆಯ ಬಾಯನ್ನೇ ನೋಡಿ ತಲೆಯಾಡಿಸಿ, "ಭಿಂತ್ ಮೇಲೀ, ಆಜೀ" ಎಂದರು. ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದ ನಾನೇ ದುಭಾಷಿ.

"ಗೋಡೆ ಸತ್ತೈತಂತ, ಆಯಿ. ಅಮಾಸಿ ಉಬ್ಬರ ಇದಕ್ಕಿಂತ ದೊಡ್ಡದಂತ. ಅವತ್ತ ಟ್ರಕ್ ತರತಾರಂತ, ಎಲ್ಲಾರೂ ಖಾಲಿ ಮಾಡಬೇಕಂತ."

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸತ್ತಿಲ್ಲ, ಹಲ್ಲ ಬಿದ್ದಾವ ಅಂತ ಹೇಳವರಿಗೆ. ಹಲ್ಲ ಬಿದ್ದ ಮುದಕೀನ್ನ ಮಣ್ಣ ಮಾಡತಾರೇನಂತ ಕೇಳು."

ನಾನು ಹೆದರುತ್ತಲೇ ಹೇಳಿದೆ. ಸಾಹೇಬರು ನಕ್ಕುಬಿಟ್ಟರು. ಆದರೆ ಅಮಾವಾಸ್ಯೆಗೆ ಬರುತ್ತೇನೆಂಬ ಮಾತು ಬದಲಾಗಲಿಲ್ಲ. ಉಳಿದದ್ದು ಎಂಟು ದಿನ.

ಮೊದಲು ಅಡ್ಡ ನಿಂತವನು ಅಪ್ಪನೇ. ಅವನು ಗೌಂಡಿ, ಬಿಲ್ಡಿಂಗುಗಳ ಸಿಮೆಂಟಿನ ಕೆಲಸಕ್ಕೆ ಒಗ್ಗಿದವನು. "ಈ ಮಳ್ಯಾಗ ಸುಣ್ಣಾನೂ ಹಿಡಿಯಂಗಿಲ್ಲ, ಸಿಮೆಂಟೂ ಹಿಡಿಯಂಗಿಲ್ಲ. ಸುಮ್ಮ ಹಟಾ ಮಾಡಬ್ಯಾಡ" ಎಂದ. ಆಯಿ ಅವನತ್ತ ತಿರುಗಿದಳು. "ನಮ್ಮೂರ ಬಾವಿಗೆ ಯಾ ಸುಣ್ಣಾ ಹಾಕ್ಯಾರೋ? ಕಲ್ಲಿಗೆ ಕಲ್ಲ ಕಚ್ಚಿಸಿದ್ರ ಸಾಕು. ನಿಮ್ಮಜ್ಜ ಕಲಿಸಿದ್ದ ಮರತಿದ್ರ ಹೇಳು, ನಾ ಕೂಡಸ್ತೀನಿ." ಅಪ್ಪ ಮರುದಿನ ಕೆಲಸಕ್ಕೆ ಹೋಗಲಿಲ್ಲ.

ನೀರಿನ ವೇಳೆ ಹೇಳುವವಳು ಕೋಳಿವಾಡದ ಪಾರೂಬಾಯಿ. ಮೀನು ಮಾರುತ್ತಿದ್ದ ಗಟ್ಟಿ ದನಿಯ ಹೆಂಗಸು. ಅವಳ ಮನೆಗೂ ನೀರು ನುಗ್ಗಿತ್ತು. ಮೊದಲ ದಿನ ನಡುಮಧ್ಯಾಹ್ನಕ್ಕೆ ಇಳಿತ. ಆಮೇಲೆ ದಿನದಿನವೂ ಇಷ್ಟಿಷ್ಟು ತಡ. "ಚಲಾ ಗೋ, ಪಾಣೀ ಉತರಲಾ!" ನೀರು ಇಳಿಯಿತು ನಡೀರಿ ಎಂದು ಅವಳು ಕೂಗಿದ ಕೂಡಲೇ ಹದಿನಾಲ್ಕು ಖೋಲಿಗಳ ಹೆಂಗಸರೂ ಕೋಳಿವಾಡದ ಹೆಂಗಸರೂ ಮೊಣಕಾಲುದ್ದ ಕೆಸರಿಗೆ ಇಳಿಯುತ್ತಿದ್ದರು. ದೋಣಿಯ ಹಳೆಯ ಹಗ್ಗವನ್ನು ಕಲ್ಲಿಗೆ ಸುತ್ತಿ, ಅಡಿಯಲ್ಲಿ ಬಿದಿರು ಉರುಳಿಸಿ, ಇತ್ತ ಕನ್ನಡದ ಹಾಡು ಅತ್ತ ಕೋಳಿವಾಡದ ಹಾಡು ಹೇಳುತ್ತ ಒಂದೇ ಉಸಿರಿಗೆ ಎಳೆಯುತ್ತಿದ್ದರು. ಆಯಿ ಪ್ರತಿ ಕಲ್ಲಿಗೂ ಸುತ್ತಿಗೆ ತಾಕಿಸಿ ದನಿ ಕೇಳಿ, ಮೇಲಕ್ಕೆ ಯಾವುದು ಕೆಳಕ್ಕೆ ಯಾವುದು ಎಂದು ಹೇಳುತ್ತಿದ್ದಳು. ಅಪ್ಪ ಕೂಡಿಸುತ್ತಿದ್ದ. ಸಂದಿಗೆ ಚಕ್ಕೆ ಕಲ್ಲು ತುರುಕುವುದು ನಾನು ಮತ್ತು ನನ್ನ ಓರಗೆಯ ಹುಡುಗಿಯರು. ಆರನೆಯ ದಿನ ಹಗ್ಗ ಜಾರಿತು. ಕಲ್ಲಿನಡಿ ಆಯಿಯ ಎಡಗೈ ಸಿಕ್ಕಿತು. ಎರಡು ಬೆರಳು ಜಜ್ಜಿಹೋದವು. ದವಾಖಾನೆಯಿಂದ ಪಟ್ಟಿ ಕಟ್ಟಿಸಿಕೊಂಡು ಬಂದವಳು ಮನೆಗೆ ಹೋಗದೆ ನೇರ ದಂಡೆಗೆ ಬಂದಳು. ಅಪ್ಪ ಅಳುತ್ತ ಬೈದ. "ಇನ್ನ ಎಂಟ ಅದಾವಲ್ಲೋ" ಎಂದಳು ಆಯಿ.

ಅಮಾವಾಸ್ಯೆಯ ಮಧ್ಯಾಹ್ನ ಸಾಹೇಬರು ಹೇಳಿದಂತೆಯೇ ಬಂದರು, ಹಿಂದೆ ಎರಡು ಟ್ರಕ್. ಜನ ಗಂಟುಮೂಟೆ ಕಟ್ಟಿ ರಸ್ತೆಯಲ್ಲಿ ನಿಂತಿದ್ದರು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ ಏರತೊಡಗಿತ್ತು. ಆಯಿ ಒಂದು ಮಣೆ ತಂದು, ಹೊಸದಾಗಿ ಕಟ್ಟಿದ ಜಾಗಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ನಾನು ಓಡಿಹೋಗಿ ಅವಳ ಪಕ್ಕ ಕೂತೆ. ಅವ್ವ ಕಿರುಚಿದಳು, ಸಾಹೇಬರು ಕೂಗಿದರು, ಕೊನೆಗೆ ಕೈಮುಗಿದರು. ಆಯಿ ಏಳಲಿಲ್ಲ. ಒಂದೊಂದು ತೆರೆ ಬಡಿದಾಗಲೂ ಗೋಡೆ ಒಳಗೇ ಹೂಂಗುಟ್ಟುತ್ತಿತ್ತು, ನೀರು ತಲೆಯ ಮೇಲಿಂದ ಹಾರಿ ಅಂಗಳಕ್ಕೆ ಸುರಿಯುತ್ತಿತ್ತು, ಸಂದಿಯಿಂದ ಸಣ್ಣ ಸಣ್ಣ ಧಾರೆ ನಮ್ಮ ಕುತ್ತಿಗೆಗೆ ಇಳಿಯುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಪಾರೂಬಾಯಿ ಏಣಿ ಹತ್ತಿ ಗೋಡೆಯಾಚೆ ಬಗ್ಗಿ ನೋಡಿ ನೀರು ತಿರುಗಿತು ಎಂದು ಕೂಗಿದಾಗ ಸಾಹೇಬರು ಕೊಡೆ ಮಡಚಿ, ಷೂ ಸಮೇತ ನೀರಲ್ಲಿ ನಡೆದುಬಂದು ಕಲ್ಲಿನ ಮೇಲೆ ಅಂಗೈ ಇಟ್ಟರು. ಯಾವ ಕಲ್ಲೂ ಕದಲಿರಲಿಲ್ಲ. ಟ್ರಕ್ಕುಗಳು ಬಂದಂತೆಯೇ ಖಾಲಿ ಹಿಂದಿರುಗಿದವು.

ಆಮೇಲೆ ಹತ್ತೊಂಬತ್ತು ಮಳೆಗಾಲ ಆ ಗೋಡೆ ನಿಂತಿತು. ಆಯಿ ಅದೇ ಖೋಲಿಯಲ್ಲಿ, ಅದೇ ಗೋಡೆಯ ಬುಡದಲ್ಲಿ ಕಣ್ಣು ಮುಚ್ಚಿದಳು. ಕೊನೆಗೆ ಅದನ್ನು ಕೆಡವಿದ್ದು ಸಮುದ್ರವಲ್ಲ, ರಸ್ತೆ. ಬದಲಿಗೆ ನಮಗೆ ಜೋಗೇಶ್ವರಿಯಲ್ಲಿ ಏಳನೆಯ ಮಾಳಿಗೆಯ ಮನೆ ಕೊಟ್ಟರು. ಪಾರೂಬಾಯಿಯ ಮಕ್ಕಳು ಎಲ್ಲಿಗೋ ಹಂಚಿಹೋದರು. ಯಂತ್ರ ಬಂದ ದಿನ ಅಪ್ಪ ನೋಡಲು ಬರುವುದಿಲ್ಲವೆಂದು ಕದ ಹಾಕಿಕೊಂಡ. ನಾನು ಹೋಗಿದ್ದೆ. ಹಳೆಯ ಭಾಗ ಬೇಗ ಉರುಳಿತು. ನಾವು ಕಟ್ಟಿದ ತುಂಡಿಗೆ ಮಾತ್ರ ಸಂಜೆಯವರೆಗೂ ಹಿಡಿಯಿತು. ಯಂತ್ರದವನು ಇಳಿದು ಬೆವರು ಒರೆಸಿಕೊಂಡು, ಇದನ್ನು ಯಾರು ಕಟ್ಟಿದರು ಎಂದು ಹಿಂದಿಯಲ್ಲಿ ಬೈದುಕೊಂಡ. ನಾನು ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದೆ: ನೀಲವ್ವ. ನಮ್ಮ ಆಯಿ ನೀಲವ್ವ.

ಈ ಭಾನುವಾರ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಗೋರೆಗಾಂವಿನ ಆಫೀಸಿನಲ್ಲಿ ಕೆಲಸ ಮಾಡುವ ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ತಡವರಿಸುತ್ತಾಳೆ. ರಸ್ತೆಯಂಚಿನ ಕಾಂಕ್ರೀಟ್ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕೊನೆಗೆ ಅವಳು, "ಮಮ್ಮಿ, ನಿನ್ ಆಯಿಗೆ ಡರ್ ಆಗಿಲ್ಲಾ?" ಎಂದಳು.

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಆ ಮಧ್ಯಾಹ್ನ ಆಯಿ ನನ್ನ ಕೈಯನ್ನು ಪಟ್ಟಿ ಕಟ್ಟಿದ ತನ್ನ ಕೈಯಿಂದಲೇ ಹಿಡಿದಿದ್ದಳು. ಆ ಕೈ ಒಂದೇ ಸವನೆ ನಡುಗುತ್ತಿತ್ತು.

"ಫಿರ್... ಯಾಕ್ ಎದ್ದಿಲ್ಲ ಅಕಿ?"

"ಎದ್ದ ಎಲ್ಲಿಗೆ ಹೋಗಬೇಕಾಗಿತ್ತವಾ?" ಎಂದೆ.

ಮಗಳು ನನ್ನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು. ಕೆಳಗೆ ನೀರು ಏರುತ್ತಿತ್ತು.